ನಂಬರ್ ಲಾಕ್: ನಂಬಿದ್ದೆಷ್ಟು, ನಿಜವೆಷ್ಟು

"ಕರೆಂಟ್ ಹೋದ್ರೆ ಒಳಗೇ ಸಿಕ್ಕಾಕ್ಕೊಂಬುಡ್ತೀವಲ್ಲಣ್ಣ?" ಕೊಣನೂರು ಪೇಟೆಯಲ್ಲಿ ಬಾಗಿಲಿಗೆ ನಂಬರ್ ಲಾಕ್ ಹಾಕಿಸುವ ಮಾತು ಬಂದರೆ ಎಲೆಕ್ಟ್ರಿಷಿಯನ್ ಕೇಳಿಸಿಕೊಳ್ಳುವ ಮೊದಲ ಪ್ರಶ್ನೆ ಇದು. ಎರಡನೆಯದು ಇದಕ್ಕೆ ತದ್ವಿರುದ್ಧ: "ಕರೆಂಟ್ ಹೋದ್ರೆ ಬಾಗ್ಲು ತಾನೇ ತಕ್ಕೊಂಡ್ಬುಡುತ್ತಂತಲ್ಲ?" ಕೊಡಗಿನ ಗಡಿಗೆ ಇಷ್ಟು ಹತ್ತಿರವಿರುವ ಅರಕಲಗೂಡು ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಲೈನ್ ಮೇಲೆ ಬೀಳುವುದು ಹೊಸದಲ್ಲ. ಹಾಗಾಗಿ ಎರಡೂ ಪ್ರಶ್ನೆಗೆ ಅರ್ಥವಿದೆ. ಎರಡರಲ್ಲೂ ಅರ್ಧ ಸತ್ಯವೂ ಇದೆ. ಉತ್ತರವಿರುವುದು ಗೋಡೆಯ ಮೇಲೆ ನೀಲಿ ದೀಪ ಬೀರುತ್ತಾ ಕೂತ ಕೀಪ್ಯಾಡಿನಲ್ಲಿ ಅಲ್ಲ, ಚೌಕಟ್ಟಿನ ಮೇಲೆ ಕೂರಿಸಿದ ಲಾಕಿನಲ್ಲಿ.

ಕೀಪ್ಯಾಡ್ ಬೀಗವಲ್ಲ, ಸ್ವಿಚ್ಚು. ಸರಿಯಾದ ಅಂಕಿ ಒತ್ತಿದಾಗ ಅದರೊಳಗಿನ ರಿಲೇ ಐದು ಸೆಕೆಂಡಿನಷ್ಟು ಹೊತ್ತು ಒಂದು ತಂತಿಯನ್ನು ಕೂಡಿಸುತ್ತದೆ ಅಥವಾ ಬಿಡಿಸುತ್ತದೆ. ಅದರ ಕೆಲಸ ಅಷ್ಟಕ್ಕೇ ಮುಗಿಯಿತು. ಬಾಗಿಲನ್ನು ಹಿಡಿದಿಡುವುದು ಬೇರೆಯೇ ವಸ್ತು, ಅದರಲ್ಲಿ ಎರಡು ಜಾತಿ. ಒಂದು, ಕರೆಂಟ್ ಇದ್ದಾಗ ಹಿಡಿದು, ಹೋದಾಗ ಬಿಡುವ ಮ್ಯಾಗ್ನೆಟ್ ಲಾಕ್. ಇನ್ನೊಂದು, ಕರೆಂಟ್ ಕೊಟ್ಟಾಗ ಮಾತ್ರ ಬಿಟ್ಟು, ಉಳಿದಂತೆ ಹಿಡಿದೇ ಇರುವ ಎಲೆಕ್ಟ್ರಿಕ್ ಸ್ಟ್ರೈಕ್. ಮೊದಲನೆಯದಾದರೆ ಕರೆಂಟ್ ಹೋದಾಗ ಬಾಗಿಲು ತೆರೆದುಕೊಳ್ಳುತ್ತದೆ. ಎರಡನೆಯದಾದರೆ ಹೊರಗಿನಿಂದ ಮುಚ್ಚಿಯೇ ಇರುತ್ತದೆ, ಆದರೆ ಒಳಗಿನ ಹಿಡಿ ತಿರುಗಿಸಿ ಯಾವಾಗ ಬೇಕಾದರೂ ಹೊರಬರಬಹುದು. ಪೇಟೆಯಲ್ಲಿ ಸೆಟ್ ಲೆಕ್ಕದಲ್ಲಿ ಮಾರುವುದು ಹೆಚ್ಚಾಗಿ ಮ್ಯಾಗ್ನೆಟ್ ಲಾಕನ್ನೇ. ಕೊಳ್ಳುವವರು ಜಾತಿ ಕೇಳುವುದಿಲ್ಲ, ಬಣ್ಣ ಕೇಳುತ್ತಾರೆ.

ಕರೆಂಟ್ ಹೋದರೆ ಬಿಟ್ಟುಕೊಡುವುದು ಮ್ಯಾಗ್ನೆಟ್ ಲಾಕಿನ ಕೊರತೆಯೆಂದು ತಿಳಿದವರೇ ಬಹಳ. ಅದನ್ನು ಹಾಗೆ ಬಿಟ್ಟುಕೊಡಲೆಂದೇ ಮಾಡಿದ್ದು. ಇಂದಿನ ಮಾದರಿಯ ಮ್ಯಾಗ್ನೆಟ್ ಲಾಕ್ ಮೊದಲು ಬಂದದ್ದು 1969ರಲ್ಲಿ, ಕೆನಡಾದ ಮಾಂಟ್ರಿಯಲ್ ಫೋರಂ ಎಂಬ ಕ್ರೀಡಾಂಗಣದ ಬಾಗಿಲುಗಳಿಗಾಗಿ. ಸಾವಿರಾರು ಜನ ಒಳಗಿರುವಾಗ ಬೆಂಕಿ ಬಿದ್ದರೆ ಬೀಗ ಹಾಕಿದ ಬಾಗಿಲು ಏನು ಮಾಡೀತು ಎಂಬ ಭಯವೇ ಅದಕ್ಕೆ ಕಾರಣ. ನಮ್ಮಲ್ಲಿ ಆ ಭಯ ಎಷ್ಟು ನಿಜವೆಂದು ತೋರಿಸಿದ್ದು 2010ರ ಫೆಬ್ರುವರಿ 23. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ 9 ಮಂದಿ ಸತ್ತರು. ಹೊಗೆ ತುಂಬಿದ ಮಹಡಿಗಳಿಂದ ಜನ ಹೊರಬರಲಾಗದೆ ಕಿಟಕಿಯಿಂದ ಜಿಗಿದದ್ದನ್ನು ಟಿ.ವಿ.ಯಲ್ಲಿ ನೋಡಿದವರು ಮರೆತಿರಲಾರರು. ಕೋಚಿಂಗ್ ಸೆಂಟರು, ಹಾಸ್ಟೆಲ್ಲು, ಕ್ಲಿನಿಕ್ಕು, ಎಲ್ಲಿ ಜನ ಒಳಗಿರುತ್ತಾರೋ ಅಲ್ಲಿ ಕರೆಂಟ್ ಹೋದಾಗ ಬಿಡುವ ಲಾಕೇ ಇರಬೇಕು. ರಾತ್ರಿ ಯಾರೂ ಇಲ್ಲದ ದಾಸ್ತಾನು ಕೋಣೆಗೆ ಬೇಕಾದ್ದು ಇನ್ನೊಂದು ಜಾತಿ. ಎರಡಕ್ಕೂ ಒಂದೇ ಸೆಟ್ ತರಿಸುವುದರಿಂದಲೇ ಅರ್ಧ ತಾಪತ್ರಯ ಶುರುವಾಗುವುದು.

ಹಾಗಾದರೆ ಮ್ಯಾಗ್ನೆಟ್ ಲಾಕ್ ಹಾಕಿದ ಅಂಗಡಿ, ಚಾಮುಂಡೇಶ್ವರಿ ವಿದ್ಯುತ್ ನಿಗಮದವರು ಲೈನ್ ಆಫ್ ಮಾಡಿದಾಗಲೆಲ್ಲ ತೆರೆದುಕೊಳ್ಳಬೇಕೆ? ಬೇಡ, ಬ್ಯಾಟರಿ ಇದ್ದರೆ. ಲೆಕ್ಕ ಸುಲಭ. ಸಾಮಾನ್ಯ ಮ್ಯಾಗ್ನೆಟ್ ಲಾಕ್ 12 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪಿಯರ್ ತಿನ್ನುತ್ತದೆ, ಕೀಪ್ಯಾಡಿಗೆ ಇನ್ನೊಂದಿಷ್ಟು. ಒಟ್ಟು 0.6 ಆಂಪಿಯರ್ ಎನ್ನೋಣ. ಸಣ್ಣ ಯುಪಿಎಸ್‌ಗಳಲ್ಲಿ ಬರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ ಹನ್ನೊಂದು ಗಂಟೆಗೂ ಹೆಚ್ಚು ಬರಬೇಕು. ನಿಜದಲ್ಲಿ ಏಳೆಂಟು ಗಂಟೆ ನೆಚ್ಚಬಹುದು, ಬ್ಯಾಟರಿ ಹಳತಾದಂತೆ ಅದೂ ಇಲ್ಲ. ಅಗ್ಗದ ಸೆಟ್ಟಿನ ಜೊತೆ ಬರುವ ಪವರ್ ಡಬ್ಬಿಯಲ್ಲಿ ಎಷ್ಟೋ ಸಲ ಬ್ಯಾಟರಿಗೆ ಜಾಗವೇ ಇರುವುದಿಲ್ಲ. ಆಗ ಅದನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಡುವುದು ಸುಲಭದ ದಾರಿ. ಬಿಲ್ ಏರುತ್ತದೆಂಬ ಅಂಜಿಕೆಯಂತೂ ಬೇಡ. ಲಾಕಿನದು ಆರು ವ್ಯಾಟ್, ತಿಂಗಳಿಡೀ ಹಿಡಿದುಕೊಂಡರೂ ನಾಲ್ಕೈದು ಯೂನಿಟ್.

ಕರೆಂಟ್ ಹೋದಾಗಿನದಕ್ಕಿಂತ ಗಂಭೀರವಾದ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕರೆಂಟ್ ಇದ್ದು, ಬೋರ್ಡ್ ಕೆಟ್ಟರೆ? ಗುಡುಗು-ಸಿಡಿಲಿನ ಸಂಜೆ ಕೀಪ್ಯಾಡಿನ ಸರ್ಕ್ಯೂಟ್ ಹೋಯಿತೆನ್ನಿ. ಪವರ್ ಡಬ್ಬಿ ಸರಿಯಿದೆ, ಮ್ಯಾಗ್ನೆಟ್ ಹಿಡಿದೇ ಇದೆ. ಒಳಗಿನ ಎಕ್ಸಿಟ್ ಬಟನ್ ಒತ್ತಿದರೆ ಅದು ಹೋಗಿ ಹೇಳಬೇಕಾದದ್ದು ಸತ್ತ ಬೋರ್ಡಿಗೇ. ಒಳಗಿದ್ದವರು ನಿಜಕ್ಕೂ ಸಿಕ್ಕಿಹಾಕಿಕೊಳ್ಳುವುದು ಇಂಥ ಹೊತ್ತಿನಲ್ಲಿ. ಅದಕ್ಕೇ ಲಾಕಿಗೆ ಹೋಗುವ ಪಾಸಿಟಿವ್ ತಂತಿಯನ್ನು ನೇರವಾಗಿ ಕಡಿಯುವ ಇನ್ನೊಂದು ಸ್ವಿಚ್ಚು ಒಳಗಡೆ ಇರಲೇಬೇಕು. ಕಚೇರಿಗಳಲ್ಲಿ ಗಾಜು ಒಡೆದು ಒತ್ತುವ ಹಸಿರು ಡಬ್ಬಿ ಇರುತ್ತದಲ್ಲ, ಅದರ ಕೆಲಸ ಇದೇ. ಹಳ್ಳಿಯ ಕೋಚಿಂಗ್ ಸೆಂಟರಿಗೆ ಆ ಡಬ್ಬಿಯೇ ಬೇಕೆಂದಿಲ್ಲ, ಮಾಮೂಲಿ ಸ್ವಿಚ್ಚನ್ನು ಕೈಗೆಟುಕುವಲ್ಲಿ ಹಾಕಿ ಕೆಂಪಕ್ಷರದಲ್ಲಿ ಬರೆದರೂ ಸಾಕು. ಇಡೀ ಕೆಲಸದಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಇದು. ಜನ ಬೇಡವೆನ್ನುವುದೂ ಇದನ್ನೇ.

"ಇನ್ನೂರ ಎಂಬತ್ತು ಕೇಜಿ ಲಾಕು, ಆನೆ ಎಳದ್ರೂ ಬರಲ್ಲ" ಎಂಬುದು ಮಾರುವವರ ಮಾತು. ಪ್ರಯೋಗಶಾಲೆಯಲ್ಲಿ ಬರದೇ ಇರಬಹುದು. ಚೌಕಟ್ಟಿನ ಮ್ಯಾಗ್ನೆಟ್ಟಿಗೂ ಬಾಗಿಲಿನ ಉಕ್ಕಿನ ತಟ್ಟೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಆ ಅಂಕಿಗೆ ಬೆಲೆಯಿಲ್ಲ. ಸಂದಿ ಬೀಳುವುದು ಹೇಗೆಂದರೆ, ತಟ್ಟೆಯನ್ನು ಅತಿ ಬಿಗಿಯಾಗಿ ತಿರುಪುವುದರಿಂದ! ತಟ್ಟೆಯ ಹಿಂದೆ ರಬ್ಬರ್ ವಾಷರ್ ಕೊಟ್ಟಿರುವುದು ಅದು ಸ್ವಲ್ಪ ಅಲುಗಾಡಲಿ, ಮ್ಯಾಗ್ನೆಟ್ಟಿನ ಮುಖಕ್ಕೆ ತಾನಾಗಿ ಹೊಂದಿಕೊಳ್ಳಲಿ ಎಂದು. ಕಸುಬಿನ ಹೆಮ್ಮೆಯಿಂದ ಅದನ್ನು ಅಲುಗಾಡದಂತೆ ಬಿಗಿದರೆ ಒಂದು ಮೂಲೆ ಮಾತ್ರ ಅಂಟಿಕೊಂಡು ಇನ್ನೊಂದು ಮೂಲೆ ಬಾಯಿಬಿಟ್ಟಿರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಹಳೇ ಮರದ ಬಾಗಿಲುಗಳಿಗಂತೂ ಈ ಸಡಿಲ ಬೇಕೇ ಬೇಕು. ತಟ್ಟೆಗೆ ಬಣ್ಣ ಬಳಿಯುವವರೂ ಇದ್ದಾರೆ. ಆ ಬಣ್ಣದ ಪದರವೂ ಒಂದು ಸಂದಿಯೇ.

ಹಿಡಿತ ಸಡಿಲಾಗಲು ಇನ್ನೊಂದು ಕಾರಣ ತಂತಿ. ಉಳಿದಿದೆಯೆಂದು ಇಂಟರ್ನೆಟ್ ಕೇಬಲಿನ ಒಂದು ಜೋಡಿ ಎಳೆಯಲ್ಲಿ ಲಾಕಿಗೆ ಕರೆಂಟ್ ಕೊಡುವುದುಂಟು. 20 ಮೀಟರ್ ದೂರವಾದರೆ ಹೋಗಿ ಬರುವ ದಾರಿ 40 ಮೀಟರ್. ಆ ತೆಳು ಎಳೆಯಲ್ಲಿ ಒಂದೂವರೆ ವೋಲ್ಟಿನಷ್ಟು ದಾರಿಯಲ್ಲೇ ಕರಗುತ್ತದೆ. ಲಾಕ್ ಗಟ್ಟಿಯಿಲ್ಲವೆಂದು ಅಂಗಡಿಯವರಿಗೆ ಬೈಯುವ ಮೊದಲು ಲಾಕಿನ ತುದಿಯಲ್ಲಿ ಮೀಟರ್ ಇಟ್ಟು ನೋಡಿ. ಕೀಪ್ಯಾಡಿಗೆ ತೆಳು ತಂತಿ ಸಾಕು, ಲಾಕಿಗೆ ಸಾಲದು.

ಹೊಸಬರು ಕೈಹಾಕಿದಾಗ ಒಂದು ತಮಾಷೆಯೂ ನಡೆಯುತ್ತದೆ. ಇಡೀ ದಿನ ಹಾರು ಹೊಡೆದಿರುವ ಬಾಗಿಲು, ಕೋಡ್ ಒತ್ತಿದರೆ ಐದು ಸೆಕೆಂಡು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸಾಧನ ಕೆಟ್ಟಿಲ್ಲ. ರಿಲೇಯಲ್ಲಿ ಎನ್‌ಸಿ, ಎನ್‌ಒ ಎಂದು ಎರಡು ತುದಿಗಳಿರುತ್ತವೆ. ಮ್ಯಾಗ್ನೆಟ್ ಲಾಕಿಗೆ ಎನ್‌ಸಿ, ಸ್ಟ್ರೈಕಿಗೆ ಎನ್‌ಒ. ಅದಲುಬದಲಾಗಿದೆ, ಅಷ್ಟೇ. ಹಾಗೆಯೇ ಲಾಕಿನ ಎರಡು ತಂತಿಗಳ ನಡುವೆ ಒಂದು ಡಯೋಡ್ ಹಾಕಬೇಕು, ಬಿಳಿ ಗೆರೆಯ ತುದಿ ಪಾಸಿಟಿವ್ ಕಡೆಗೆ. ಮ್ಯಾಗ್ನೆಟ್ ಬಿಡುವ ಕ್ಷಣದಲ್ಲಿ ಹಿಂದಕ್ಕೆ ಚಿಮ್ಮುವ ವೋಲ್ಟೇಜ್ ಕೀಪ್ಯಾಡಿನ ರಿಲೇಯನ್ನು ಸುಡದಂತೆ ಇದು ತಡೆಯುತ್ತದೆ. ಪೊಟ್ಟಣದಲ್ಲಿ ಬಂದ ಆ ಸಣ್ಣ ಕಪ್ಪು ತುಂಡನ್ನು ಕಸವೆಂದು ಬಿಸಾಡಬೇಡಿ.

ನೀರು ತಾಕದ ಕೀಪ್ಯಾಡ್ ಎಂಬ ನಂಬಿಕೆಯೂ ಅಷ್ಟರದೇ. ಪೆಟ್ಟಿಗೆಯ ಮೇಲಿನ ಐಪಿ 65 ಎಂದರೆ ದೂಳು ಒಳಗೆ ಹೋಗದು, ಚಿಮ್ಮುವ ನೀರು ತೊಂದರೆ ಕೊಡದು ಎಂದರ್ಥ. ಆದರೆ ನೀರು ಬರುವುದು ಹಿಂದಿನಿಂದ, ಗೋಡೆಯ ತೂತಿನಲ್ಲಿ ತಂತಿಯ ಗುಂಟ ಇಳಿದು. ತಂತಿ ಮೇಲಿನಿಂದ ನೇರ ಇಳಿಯದೆ ಕೆಳಗೆ ಬಾಗಿ ಮೇಲೇರಿ ಒಳಹೊಕ್ಕರೆ ಹನಿ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ಅಂಕಿಗಳ ಮಾತು. ನಾಲ್ಕಂಕಿಯ ಕೋಡ್‌ಗೆ 10,000 ಸಾಧ್ಯತೆ. ಒಂದಕ್ಕೆ ಐದು ಸೆಕೆಂಡಿನಂತೆ ಎಲ್ಲವನ್ನೂ ಒತ್ತಲು ಹದಿನಾಲ್ಕು ಗಂಟೆ ಬೇಕು, ಕಳ್ಳನಿಗೆ ಅಷ್ಟು ಪುರುಸೊತ್ತಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಕೋಡ್ ಒತ್ತಿದ ಕೀಪ್ಯಾಡಿನಲ್ಲಿ ನಾಲ್ಕೇ ಗುಂಡಿ ಸವೆದು ಹೊಳೆಯುತ್ತಿದ್ದರೆ ಉಳಿಯುವುದು 24 ಸಾಧ್ಯತೆ, ಎರಡೇ ನಿಮಿಷದ ಕೆಲಸ. ಒಂದು ಅಂಕಿಯನ್ನು ಎರಡು ಸಲ ಬಳಸಿ ಮೂರೇ ಗುಂಡಿ ಸವೆದರೆ ಸಾಧ್ಯತೆ 36ಕ್ಕೆ ಏರುತ್ತದೆ! ಲೆಕ್ಕದ ಮೇಷ್ಟರಿಗೆ ಖುಷಿ ಕೊಡುವ ಸಂಗತಿ, ಅಂಗಡಿಯವರಿಗೆ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಪ್ರಯೋಜನವಿರುವುದು ಆರಂಕಿಯ ಕೋಡಿನಲ್ಲಿ, ಆಗಾಗ ಬದಲಿಸುವುದರಲ್ಲಿ, ಹಲವು ಸಲ ತಪ್ಪೊತ್ತಿದರೆ ಕೀಪ್ಯಾಡ್ ಸ್ವಲ್ಪ ಹೊತ್ತು ಸುಮ್ಮನಾಗುವ ವ್ಯವಸ್ಥೆಯಲ್ಲಿ. ಈ ವ್ಯವಸ್ಥೆ ಹಲವು ಸಾಧನಗಳಲ್ಲಿ ಇದ್ದರೂ ಆಫ್ ಆಗಿಯೇ ಬರುವುದುಂಟು, ನಾವೇ ಆನ್ ಮಾಡಿಕೊಳ್ಳಬೇಕು. ಹುಟ್ಟಿದ ವರ್ಷ, ಬೈಕಿನ ನಂಬರ್ ಇಡುವವರಿಗೆ ಹೇಳುವುದೇನೂ ಇಲ್ಲ.

ಬಳಸುವ ಕೋಡ್ ಬದಲಿಸಿ ಮಾಸ್ಟರ್ ಕೋಡ್ ಹಾಗೇ ಬಿಡುವುದು ಇದಕ್ಕಿಂತ ದೊಡ್ಡ ಎಡವಟ್ಟು. ಕಾರ್ಖಾನೆಯಿಂದ ಬರುವ ಮಾಸ್ಟರ್ ಕೋಡ್ ಗುಟ್ಟಲ್ಲ, ಕೈಪಿಡಿಯಲ್ಲೇ ಅಚ್ಚಾಗಿರುತ್ತದೆ. ಅದು ಗೊತ್ತಿದ್ದವರು ಹೊಸ ಕೋಡ್ ಸೇರಿಸಿಕೊಳ್ಳಬಹುದು, ನಿಮ್ಮದನ್ನು ಅಳಿಸಲೂಬಹುದು. ಹಾಕಿದ ದಿನವೇ, ಎಲೆಕ್ಟ್ರಿಷಿಯನ್ ಹೋದ ಮೇಲೆ, ನೀವೇ ಬದಲಿಸಿ. ಅವರ ಮೇಲೆ ಅನುಮಾನದಿಂದಲ್ಲ, ನಾಳೆ ಏನಾದರೂ ಆದರೆ ಅವರ ಹೆಸರೂ ಬಾರದಿರಲಿ ಎಂದು. ಹೊಸ ಮಾಸ್ಟರ್ ಕೋಡ್ ಮರೆತುಹೋದರೆ ಸಾಧನ ಗುಜರಿಗೆ ಎಂದು ಹೆದರುವುದೂ ಬೇಡ. ಒಳಗಿನ ಬೋರ್ಡಿನಲ್ಲಿ ಮರುಹೊಂದಿಸುವ ದಾರಿ ಇದ್ದೇ ಇರುತ್ತದೆ. ಕರೆಂಟ್ ಹೋದರೆ ಕೋಡುಗಳು ಅಳಿಸಿಹೋಗುವುದಿಲ್ಲ, ಇಂಟರ್ನೆಟ್ ಇಲ್ಲದಿದ್ದರೆ ಕೀಪ್ಯಾಡ್ ನಿಲ್ಲುವುದೂ ಇಲ್ಲ.

"ನಂಬರ್ ಯಾಕೆ, ಬೆರಳಚ್ಚೇ ಹಾಕಿಸಿ" ಎನ್ನುವವರಿಗೆ ಈ ಸೀಮೆಯಲ್ಲಿ ಒಂದು ಎಚ್ಚರಿಕೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಹೊಂದದೆ ಅಜ್ಜ-ಅಜ್ಜಿಯರು ಮತ್ತೆ ಮತ್ತೆ ಒತ್ತುವುದನ್ನು ನೋಡಿದ್ದೇವೆ. ರಾಮನಾಥಪುರದ ಮಾರುಕಟ್ಟೆಗೆ ಹೋಗುವ ಹೊಗೆಸೊಪ್ಪನ್ನು ಮುರಿಯುವ ಕೈಗಳಿಗೆ ಎಲೆಯ ಅಂಟು ಕಪ್ಪಗೆ ಮೆತ್ತಿರುತ್ತದೆ, ಶುಂಠಿ ಕೀಳುವ ಕೈಗಳಲ್ಲಿ ಗೆರೆಗಳೇ ಸವೆದಿರುತ್ತವೆ. ಅಂಥವರು ದಿನಾ ಬಳಸುವ ಬಾಗಿಲಿಗೆ ಅಂಕಿ ಇಲ್ಲವೇ ಕಾರ್ಡೇ ವಾಸಿ.

ಬಾಗಿಲು ಭದ್ರವಾದರೆ ಕಟ್ಟಡವೇ ಭದ್ರವೆಂಬುದು, ಬೀಗದಕೈ ನಮ್ಮ ಕೈಯಲ್ಲಿದ್ದರೆ ಸಾಕೆಂಬುದು, ಈ ಎರಡು ನಂಬಿಕೆಗಳಿಗೆ ರಾಜ್ಯದ ಎರಡು ಬ್ಯಾಂಕ್ ಕಳವುಗಳನ್ನು ನೆನೆಯಬಹುದು. ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಹದಿನೇಳೂವರೆ ಕೆ.ಜಿ.ಗೂ ಹೆಚ್ಚು ಅಡವಿನ ಚಿನ್ನ ಹೋಯಿತು. ಕಳ್ಳರು ಬಂದದ್ದು ಕಿಟಕಿಯ ಸರಳು ತೆಗೆದು. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಹೋದಾಗ ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯಿಂದ ವರ್ಗವಾಗಿ ಹೋಗಿದ್ದ ವ್ಯವಸ್ಥಾಪಕರೂ ಇದ್ದರು. ನಕಲಿ ಕೀ ಮಾಡಿಸಲಾಗಿತ್ತೆಂಬುದು ಪೊಲೀಸರ ಹೇಳಿಕೆ. ಕೀಪ್ಯಾಡಿಗೆ ಬೀಗದಕೈಗಿಂತ ಮೇಲೆನ್ನುವ ಗುಣವೊಂದಿದ್ದರೆ ಅದು ಇಲ್ಲಿದೆ. ಕೆಲಸ ಬಿಟ್ಟುಹೋದವರ ಕೋಡನ್ನು ಅರ್ಧ ನಿಮಿಷದಲ್ಲಿ ಅಳಿಸಬಹುದು. ಅದಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆ ಕೋಡ್ ಕೊಟ್ಟಿರಬೇಕು. ಎಲ್ಲರಿಗೂ ಒಂದೇ ಕೋಡ್ ಕೊಟ್ಟು, ಅದನ್ನು ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟರೆ ಹಳೇ ಬೀಗವೇ ಮೇಲು.

ಅಗ್ಗದ ಕೀಪ್ಯಾಡುಗಳಲ್ಲಿ ರಿಲೇ ಹೊರಗೋಡೆಯ ಮೇಲಿನ ಡಬ್ಬಿಯೊಳಗೇ ಇರುತ್ತದೆ. ಡಬ್ಬಿ ಕಿತ್ತವನ ಕೈಗೆ ಲಾಕಿನ ತಂತಿಗಳೂ ಸಿಗುತ್ತವೆ. ಬೆಲೆಬಾಳುವುದನ್ನು ಇಡುವ ಕೋಣೆಯಾದರೆ ನಿಯಂತ್ರಣದ ಬೋರ್ಡು ಬಾಗಿಲಿನ ಒಳಬದಿಯಲ್ಲಿದ್ದು, ಹೊರಗಿನ ಕೀಪ್ಯಾಡ್ ಬರೀ ಅಂಕಿ ಕಳಿಸುವ ಮಾದರಿಯನ್ನೇ ಕೇಳಿ ಪಡೆಯಿರಿ. ಪೇಟೆಬೀದಿಯ ಮುಕ್ಕಾಲು ಪಾಲು ಅಂಗಡಿಗಳ ಮುಂಬಾಗಿಲು ರೋಲಿಂಗ್ ಶಟರು. ಅದಕ್ಕೆ ಈ ಮ್ಯಾಗ್ನೆಟ್ ಲಾಕ್ ಕೂರುವುದೇ ಇಲ್ಲ. ಶಟರಿಗೆ ಶಟರಿನ ಬೀಗವೇ ಸರಿ, ಕೀಪ್ಯಾಡ್ ಏನಿದ್ದರೂ ಒಳಬಾಗಿಲಿಗೆ.

ಹಾಕಿಸಿದ ದಿನ ದುಡ್ಡು ಎಣಿಸುವ ಮೊದಲು ಒಬ್ಬರನ್ನು ಒಳಗೆ ನಿಲ್ಲಿಸಿ, ಮೇನ್ ಆಫ್ ಮಾಡಿಸಿ, ಬ್ಯಾಟರಿಯ ಮೇಲೆ ಮ್ಯಾಗ್ನೆಟ್ ಲಾಕ್ ಹಿಡಿದಿದೆಯೇ ನೋಡಿ. ಆಮೇಲೆ ಬ್ಯಾಟರಿಯನ್ನೂ ಬಿಚ್ಚಿಸಿ ಬಾಗಿಲು ಬಿಡುತ್ತದೆಯೇ ನೋಡಿ. ಎರಡನ್ನೂ ಮತ್ತೆ ಕೊಟ್ಟು, ಒಳಗಿನವರು ಕೆಂಪಕ್ಷರದ ಸ್ವಿಚ್ಚೊಂದನ್ನೇ ಬಳಸಿ ಹೊರಗೆ ಬರಲಿ.