ಅಪರಿಚಿತ ರಾಡಾರನ್ನು ಗುರುತಿಸುವ ಬೆಳಕು

1973ರ ಅಕ್ಟೋಬರ್ ಯುದ್ಧದಲ್ಲಿ ಇಸ್ರೇಲಿನ ಹಲವು ಯುದ್ಧವಿಮಾನಗಳು ಸೋವಿಯತ್ ನಿರ್ಮಿತ ಎಸ್‌ಎ-6 ಕ್ಷಿಪಣಿಗಳಿಗೆ ತುತ್ತಾದವು. ಕ್ಷಿಪಣಿಗೆ ದಾರಿ ತೋರುತ್ತಿದ್ದ ರಾಡಾರಿನ ಅಲೆಗಳನ್ನು ಗುರುತಿಸಲು ವಿಮಾನಗಳಲ್ಲಿದ್ದ ಎಚ್ಚರಿಕೆಯ ಗ್ರಾಹಕಗಳು ಸಜ್ಜಾಗಿರಲಿಲ್ಲ. ಶತ್ರು ತನ್ನ ರಾಡಾರಿನ ಆವೃತ್ತಿಯನ್ನು ಮೊದಲೇ ತಿಳಿಸುವುದಿಲ್ಲವಲ್ಲ!

ರೇಡಿಯೊದಲ್ಲಿ ಹೊಸ ಕೇಂದ್ರವೊಂದನ್ನು ಹುಡುಕಲು ನೀವು ಮುಳ್ಳನ್ನು ನಿಧಾನವಾಗಿ ಸರಿಸುತ್ತೀರಿ. ಕೇಂದ್ರ ಸತತವಾಗಿ ಪ್ರಸಾರ ಮಾಡುವುದರಿಂದ ಅದು ಸಿಗುತ್ತದೆ. ಆದರೆ ರಾಡಾರಿನ ಒಂದು ಸ್ಪಂದ ಕೇವಲ ಮೈಕ್ರೊಸೆಕೆಂಡಿನಷ್ಟು ಕಾಲದ್ದಾಗಿರಬಹುದು. 2ರಿಂದ 18 ಗಿಗಾಹರ್ಟ್ಸ್‌ವರೆಗೆ ಅದು ಎಲ್ಲಿಯಾದರೂ ಇರಬಹುದು. ಮುಳ್ಳು ಅಲ್ಲಿಗೆ ತಲಪುವಷ್ಟರಲ್ಲಿ ಸ್ಪಂದ ಮುಗಿದಿರುತ್ತದೆ. ಇಡೀ ಪಟ್ಟಿಯನ್ನು ಒಮ್ಮೆಗೇ ಆಲಿಸುವ ಎಲೆಕ್ಟ್ರಾನಿಕ್ ಗ್ರಾಹಕಗಳೂ ಇವೆ. ಪಟ್ಟಿ ಅಗಲವಾದಂತೆ ಅವು ಜಟಿಲವಾಗುತ್ತವೆ.

ಇಲ್ಲಿ ಬೆಳಕು ನೆರವಿಗೆ ಬರುತ್ತದೆ. 1550 ನ್ಯಾನೊಮೀಟರ್ ತರಂಗದೂರದ ಅವಕೆಂಪು ಲೇಸರಿನ ಆವೃತ್ತಿ ಸುಮಾರು 1,93,000 ಗಿಗಾಹರ್ಟ್ಸ್. ನೀವೇ ಭಾಗಿಸಿ ನೋಡಿ: 18 ಗಿಗಾಹರ್ಟ್ಸ್ ಎಂಬುದು ಇದರ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನಮಗೆ ಅತಿ ಅಗಲವೆನಿಸಿದ ಮೈಕ್ರೊವೇವ್ ಪಟ್ಟಿ ಬೆಳಕಿಗೆ ಒಂದು ಕಿರಿದಾದ ಗೆರೆ ಮಾತ್ರ.

ಆಂಟೆನಾ ಹಿಡಿದ ಅಲೆಯನ್ನು ಲಿಥಿಯಮ್ ನಯೋಬೇಟ್ ಹರಳಿನ ಮಾಡ್ಯುಲೇಟರಿಗೆ ಕೊಡುತ್ತಾರೆ. ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಈ ಹರಳಿನ ವಕ್ರೀಭವನಾಂಕ ಬದಲಾಗುತ್ತದೆ. ಆಗ ಅದರಲ್ಲಿ ಹಾಯುವ ಲೇಸರಿನ ಮೂಲ ಆವೃತ್ತಿಯ ಎರಡೂ ಬದಿಗಳಲ್ಲಿ ಹೊಸ ಆವೃತ್ತಿಗಳು ಮೂಡುತ್ತವೆ. ಇವೇ ಪಾರ್ಶ್ವಪಟ್ಟಿಗಳು. ಮೂಲ ಆವೃತ್ತಿಗೂ ಮೊದಲ ಪಾರ್ಶ್ವಪಟ್ಟಿಗೂ ಇರುವ ವ್ಯತ್ಯಾಸವೇ ಅಪರಿಚಿತ ಅಲೆಯ ಆವೃತ್ತಿ.

ಇದನ್ನು ಅಳೆಯುವ ಒಂದು ವಿಧಾನ ಹೀಗಿದೆ. ಮೂಲ ಆವೃತ್ತಿಯ ಬೆಳಕನ್ನು ಅಡಗಿಸಿ, ಪಾರ್ಶ್ವಪಟ್ಟಿಗಳನ್ನು ಎರಡು ಫಿಲ್ಟರ್‌ಗಳಿಗೆ ಹಂಚುತ್ತಾರೆ. ಅಲೆಯ ಆವೃತ್ತಿ ಹೆಚ್ಚಿದಂತೆ ಒಂದು ಫಿಲ್ಟರ್ ಹೆಚ್ಚು ಬೆಳಕನ್ನು ಬಿಡುತ್ತದೆ, ಇನ್ನೊಂದು ಕಡಿಮೆ. ಹೊರಬಂದ ಬೆಳಕುಗಳ ಅನುಪಾತವೇ ಆವೃತ್ತಿಯನ್ನು ಹೇಳುತ್ತದೆ. ರಾಡಾರ್ ಹತ್ತಿರವಿರಲಿ, ದೂರವಿರಲಿ, ಅನುಪಾತ ಬದಲಾಗದು. ಮುಳ್ಳು ಸರಿಸುವ ಕೆಲಸವೂ ಇಲ್ಲ.

ಆದರೆ ಎರಡು ರಾಡಾರ್‌ಗಳ ಅಲೆಗಳು ಒಟ್ಟಿಗೆ ಬಂದರೆ? ಅನುಪಾತ ಒಂದೇ ಸಿಗುತ್ತದೆ, ಉತ್ತರ ತಪ್ಪುತ್ತದೆ. ಇವನ್ನು ಬೇರ್ಪಡಿಸಲು ಆಪ್ಟಿಕಲ್ ಫೈಬರಿನಲ್ಲಾಗುವ ಬ್ರಿಲೂಯೆನ್ ಚದರಿಕೆಯನ್ನು ಬಳಸಿ, ಕೆಲವೇ ಹತ್ತು ಮೆಗಾಹರ್ಟ್ಸ್ ಅಗಲದ ಫಿಲ್ಟರನ್ನು ಪಟ್ಟಿಯುದ್ದಕ್ಕೂ ಸರಿಸಬಹುದು. ಸರಿಸಲು ಮತ್ತೆ ಕಾಲ ಬೇಕು. ರೇಡಿಯೊ ಮುಳ್ಳಿನ ತೊಂದರೆ ಇನ್ನೊಂದು ರೂಪದಲ್ಲಿ ಮರಳಿತು! ಎಲ್ಲವನ್ನೂ ಒಮ್ಮೆಗೇ ಆಲಿಸಬೇಕು, ಒಂದೊಂದನ್ನೂ ಬೇರೆಯಾಗಿ ಗುರುತಿಸಬೇಕು. ವಿಮಾನ ಚಾಲಕನ ಪ್ರಾಣ ಈ ಎರಡನ್ನೂ ಅವಲಂಬಿಸಿದೆ.