ಅಂತರ್ಜಾಲದ ದಾರಿಗೆ ಸುಂಕ ಕೊಡಬೇಕಾದವರು ಯಾರು?

2020ರ ಜೂನ್ 1ರಂದು ಕೇರಳದಲ್ಲಿ ಶಾಲೆಗಳ ಬಾಗಿಲು ಮುಚ್ಚಿದ್ದಂತೆಯೇ ಹೊಸ ಶೈಕ್ಷಣಿಕ ವರ್ಷ ಆರಂಭವಾಯಿತು. ಮಲಯಾಳ ಮಾಧ್ಯಮದ ಮಕ್ಕಳಿಗೆ ಕೈಟ್ ವಿಕ್ಟರ್ಸ್ ಟಿ.ವಿ. ವಾಹಿನಿಯಲ್ಲಿ ಪಾಠ ಬಂದಿತು. ಕನ್ನಡ ಮಾಧ್ಯಮದ ಪಾಠಗಳು ದೊರೆತದ್ದು ಕೈಟ್ ಕಾಸರಗೋಡಿನ ಯೂಟ್ಯೂಬ್ ವಾಹಿನಿಯಲ್ಲಿ. ಟಿ.ವಿ.ಗೆ ಡೇಟಾ ಬೇಡ, ಯೂಟ್ಯೂಬಿಗೆ ಬೇಕು. ಒಂದೇ ರಾಜ್ಯದ, ಒಂದೇ ತರಗತಿಯ ಮಕ್ಕಳಲ್ಲಿ ಕೆಲವರ ಪಾಠಕ್ಕೆ ಮಾತ್ರ ಮೊಬೈಲ್ ರೀಚಾರ್ಜು ಅನಿವಾರ್ಯವಾಯಿತು. ಆದ್ದರಿಂದ ಅಂತರ್ಜಾಲದಲ್ಲಿ ಹರಿಯುವ ಡೇಟಾದ ವೆಚ್ಚವನ್ನು ಯಾರು ಭರಿಸಬೇಕೆಂಬ ಚರ್ಚೆ ದಿಲ್ಲಿಯ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾವು ಭಾವಿಸುವಂತಿಲ್ಲ.

ಈ ಚರ್ಚೆಯ ತಿರುಳಿನಲ್ಲಿರುವ ತತ್ತ್ವವನ್ನು ನೆಟ್ ನ್ಯೂಟ್ರಾಲಿಟಿ, ಅಂದರೆ ಅಂತರ್ಜಾಲ ತಾಟಸ್ಥ್ಯ ಎನ್ನುತ್ತಾರೆ. 2003ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ ಅವರ ಪ್ರಬಂಧದಿಂದ ಈ ಮಾತು ಬಳಕೆಗೆ ಬಂದಿತು. ತಲಪಾಡಿಯ ಟೋಲ್ ಗೇಟನ್ನು ನೆನೆಯಿರಿ. ಅಲ್ಲಿ ಕಾರಿಗೊಂದು ದರ, ಲಾರಿಗೊಂದು ದರ. ಆದರೆ ಲಾರಿಯೊಳಗಿನ ಅಕ್ಕಿ ಯಾವ ಅಂಗಡಿಯದೆಂದು ಯಾರೂ ವಿಚಾರಿಸುವುದಿಲ್ಲ. ‘ಈ ವರ್ತಕರು ನಮಗೆ ಹಣ ಕೊಟ್ಟಿದ್ದಾರೆ, ಇವರ ಲಾರಿ ಮೊದಲು ಹೋಗಲಿ’ ಎನ್ನುವಂತೆಯೂ ಇಲ್ಲ. ಮೊಬೈಲ್ ಕಂಪೆನಿಯೂ ಹಾಗೆಯೇ ಇರಬೇಕು ಎಂಬುದು ತಾಟಸ್ಥ್ಯ. ಹೆಚ್ಚು ಡೇಟಾ ಬಳಸಿದವರಿಂದ ಹೆಚ್ಚು ಹಣ ಪಡೆಯುವುದನ್ನು ಅದು ತಡೆಯುವುದಿಲ್ಲ. ಡೇಟಾ ಯಾರದೆಂದು ನೋಡಿ ದರವನ್ನಾಗಲಿ ವೇಗವನ್ನಾಗಲಿ ಬದಲಿಸುವುದನ್ನು ತಡೆಯುತ್ತದೆ. ಇವೆರಡನ್ನು ಬೆರೆಸಿ ಮಾತಾಡುವವರು ಬಹಳ ಮಂದಿ, ವಿದ್ಯಾವಂತರೂ ಸೇರಿ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬಿಸಿಯೇರಿದ್ದು 2014ರ ಡಿಸೆಂಬರಿನಲ್ಲಿ. ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಬೇರೆಯೇ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿ, ವಿರೋಧ ಬಂದೊಡನೆ ಹಿಂತೆಗೆದುಕೊಂಡಿತು. ಮರುವರ್ಷದ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹೋದವು.

ಆದರೆ ಗಡಿಯ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದುದು 2015ರ ಫೆಬ್ರವರಿಯ ಇನ್ನೊಂದು ಪ್ರಸಂಗವನ್ನು. ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಇಂಟರ್‌ನೆಟ್ ಡಾಟ್ ಆರ್ಗ್ ಎಂಬ ಯೋಜನೆಯನ್ನು ತಂದಿತು. ಕೆಲವು ತಿಂಗಳ ನಂತರ ಅದಕ್ಕೆ ಫ್ರೀ ಬೇಸಿಕ್ಸ್ ಎಂದು ಮರುನಾಮಕರಣವಾಯಿತು. ಆಯ್ದ ಮೂವತ್ತಕ್ಕೂ ಹೆಚ್ಚು ಜಾಲತಾಣಗಳನ್ನು ಡೇಟಾ ಶುಲ್ಕವಿಲ್ಲದೆ ನೋಡಬಹುದು, ಉಳಿದುದಕ್ಕೆ ಹಣ ತೆರಬೇಕು. ಮೊದಲ ಹಂತದಲ್ಲಿ ಅದು ಬಂದದ್ದು ತಮಿಳುನಾಡು, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಕೇರಳ ಮತ್ತು ಗುಜರಾತಿಗೆ. ಗುಜರಾತನ್ನು ಬಿಟ್ಟರೆ, ಎಲ್ಲವೂ ತಲೆಮಾರುಗಳಿಂದ ಕನ್ನಡಿಗರು ನೆಲೆಸಿರುವ ರಾಜ್ಯಗಳು. ಭಾಷೆಗಳು ಯಾವುವು? ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳ, ಮರಾಠಿ, ಗುಜರಾತಿ. ಕನ್ನಡ ಇರಲಿಲ್ಲ.

ಇದರಲ್ಲಿ ಯಾರದೋ ದ್ವೇಷವನ್ನು ಹುಡುಕಬೇಕಾಗಿಲ್ಲ. ರಾಜ್ಯಕ್ಕೊಂದು ಭಾಷೆ ಎಂದು ಲೆಕ್ಕ ಹಾಕಿದವರಿಗೆ ತಾಳವಾಡಿಯಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಕನ್ನಡ ಓದುವ ಮಗು ಕಾಣಿಸಲಿಲ್ಲ, ಅಷ್ಟೆ. ಪಠ್ಯಪುಸ್ತಕ ತಡವಾಗಿ ಬರುವುದರಿಂದ ಹಿಡಿದು ಪ್ರಶ್ನೆಪತ್ರಿಕೆಯ ಅನುವಾದದವರೆಗೆ ಈ ಕಾಣದಿರುವಿಕೆಯ ಪರಿಚಯ ನಮ್ಮ ಮನೆಗಳಿಗೆ ಚೆನ್ನಾಗಿಯೇ ಇದೆ. ಆಯ್ಕೆ ಮಾಡುವ ಅಧಿಕಾರ ದಾರಿಯ ಒಡೆಯನ ಕೈಗೆ ಹೋದಲ್ಲಿ ಪಟ್ಟಿಯಿಂದ ಮೊದಲು ಜಾರುವುದು ಅಲ್ಪಸಂಖ್ಯಾತರ ಭಾಷೆ. ತೆರೆದ ದಾರಿಯಲ್ಲಾದರೆ ಪಟ್ಟಿಯೇ ಇರುವುದಿಲ್ಲ. ಕನ್ನಡದ ಸಣ್ಣ ಜಾಲತಾಣವೂ ದೊಡ್ಡ ಸಂಸ್ಥೆಯ ತಾಣವೂ ಒಂದೇ ದರದಲ್ಲಿ ಮಗುವಿನ ಮೊಬೈಲಿಗೆ ಬರುತ್ತವೆ.

ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಕ್ಕರೆ ತಪ್ಪೇನು ಎಂಬ ಪ್ರಶ್ನೆ ಆಗ ಎದ್ದಿತ್ತು, ಮತ್ತು ಅದು ಹಗುರವಾದ ಪ್ರಶ್ನೆಯಲ್ಲ. ವಿಕಿಪೀಡಿಯವನ್ನು ಉಚಿತವಾಗಿ ತೋರಿಸುವ ವಿಕಿಪೀಡಿಯ ಝೀರೊ ಯೋಜನೆ ಏರ್‌ಸೆಲ್ ಮೂಲಕ ಭಾರತದಲ್ಲಿಯೂ ಇದ್ದಿತು. ಅದರಿಂದ ವಿದ್ಯಾರ್ಥಿಗಳಿಗೆ ಪ್ರಯೋಜನವಿರಲಿಲ್ಲವೆಂದು ಹೇಳಲಾರೆವು. ಆದರೂ ಒಳ್ಳೆಯದಕ್ಕೊಂದು ಬಾಗಿಲು ತೆರೆದರೆ ಅದೇ ಬಾಗಿಲಿನಲ್ಲಿ ವ್ಯಾಪಾರವೂ ನುಗ್ಗುತ್ತದೆಂಬ ವಾದವೇ ನಮಗೆ ಹೆಚ್ಚು ಬಲವುಳ್ಳದ್ದಾಗಿ ತೋರುತ್ತದೆ. ಫ್ರೀ ಬೇಸಿಕ್ಸ್ ಪರವಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದವು; ಟ್ರಾಯ್‌ಗೆ ಒಂದೇ ಅಚ್ಚಿನ ಲಕ್ಷಾಂತರ ಪತ್ರಗಳು ಹೋದವು. ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲವೆಂದು ಟ್ರಾಯ್ ಹೇಳಿತು. ಪುಟ ತುಂಬಿಸಿ ಅಂಕ ಕೇಳುವ ಉತ್ತರಪತ್ರಿಕೆಗಳನ್ನು ನೋಡಿದ ನಮಗೆ ಇದು ಹೊಸತಲ್ಲ.

2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು. ಮೀರಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. 2018ರಲ್ಲಿ ದೂರಸಂಪರ್ಕ ಇಲಾಖೆಯು ಕಂಪೆನಿಗಳ ಪರವಾನಗಿಯಲ್ಲಿಯೇ ಷರತ್ತು ಸೇರಿಸಿ, ಯಾವುದೇ ತಾಣವನ್ನು ತಡೆಯುವುದು, ನಿಧಾನಗೊಳಿಸುವುದು, ಯಾವುದಕ್ಕಾದರೂ ಮೇಲುಗೈ ಕೊಡುವುದು ಕೂಡದೆಂದಿತು.

ಈಗಿನ ಚರ್ಚೆ ಬೇರೆ ರೂಪ ತಳೆದಿದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ವಾಟ್ಸಾಪ್ ಮುಂತಾದ ಕೆಲವೇ ಸೇವೆಗಳಿಂದ ಡೇಟಾದ ಬಹುಭಾಗ ಹರಿಯುತ್ತದೆ, ಟವರಿಗೂ ತರಂಗಾಂತರಕ್ಕೂ ಹಣ ಸುರಿಯುವವರು ನಾವು, ಆದ್ದರಿಂದ ಅವರೂ ಪಾಲು ಕೊಡಲಿ ಎಂಬುದು ಮೊಬೈಲ್ ಕಂಪೆನಿಗಳ ಒಕ್ಕೂಟದ ಬೇಡಿಕೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಪಾಠದ ವೀಡಿಯೊ ತಾನಾಗಿಯೇ ಮೊಬೈಲಿಗೆ ಬಂದು ಬೀಳುವುದಿಲ್ಲ. ಮಗು ಕೇಳಿದ್ದರಿಂದ ಬರುತ್ತದೆ, ಅದಕ್ಕೆಂದೇ ತಂದೆತಾಯಿ ರೀಚಾರ್ಜು ಮಾಡಿಸಿರುತ್ತಾರೆ. ವೀಡಿಯೊ ಏರಿಸಿದ ಶಿಕ್ಷಕರೂ ತಮ್ಮ ಕಡೆಯ ಡೇಟಾಕ್ಕೆ ತೆತ್ತಿದ್ದಾರೆ. ದೊಡ್ಡ ಸಂಸ್ಥೆಗಳು ಸಮುದ್ರದಾಳದ ಕೇಬಲ್ಲುಗಳಿಗೂ, ಬಳಕೆದಾರರಿಗೆ ಸಮೀಪದಲ್ಲಿಡುವ ಸರ್ವರುಗಳಿಗೂ ಸ್ವತಃ ಖರ್ಚು ಮಾಡುತ್ತಿವೆ. ಅದೇ ಡೇಟಾಕ್ಕೆ ಇನ್ನೊಮ್ಮೆ ಸುಂಕ ಬಿದ್ದರೆ ಅದು ಚಂದಾದ ರೂಪದಲ್ಲಿಯೋ ಜಾಹೀರಾತಿನ ರೂಪದಲ್ಲಿಯೋ ಮತ್ತೆ ನಮ್ಮ ಮನೆಗೇ ಬರುತ್ತದೆ.

ದಕ್ಷಿಣ ಕೊರಿಯದಲ್ಲಿ 2016ರಿಂದ ಜಾಲಗಳ ನಡುವೆ ಡೇಟಾ ಕಳುಹಿಸುವವರೇ ಹಣ ಕೊಡಬೇಕೆಂಬ ನಿಯಮವಿದೆ. ನೇರಪ್ರಸಾರದ ಟ್ವಿಚ್ ಸಂಸ್ಥೆ ಅಲ್ಲಿ ಮೊದಲು ವೀಡಿಯೊದ ಗುಣಮಟ್ಟ ಇಳಿಸಿತು; ಜಾಲಶುಲ್ಕ ಇತರ ಬಹುತೇಕ ದೇಶಗಳಿಗಿಂತ ಹತ್ತು ಪಟ್ಟು ದುಬಾರಿಯೆಂದು ಹೇಳಿ 2024ರ ಫೆಬ್ರವರಿಯಲ್ಲಿ ದೇಶವನ್ನೇ ಬಿಟ್ಟಿತು. ಅಮೆಜಾನಿನ ಒಡೆತನದ ಸಂಸ್ಥೆಯ ಪಾಡೇ ಇದಾದರೆ, ಗಡಿಯ ಕನ್ನಡ ಪಾಠಗಳನ್ನು ಸ್ವಂತ ಸರ್ವರಿನಲ್ಲಿಡಲು ಹೊರಟ ಒಂದು ಶಿಕ್ಷಕರ ಕೂಟದ ಗತಿಯೇನು?

ತಾಟಸ್ಥ್ಯವೊಂದರಿಂದಲೇ ಟವರು ಮೇಲೇಳುವುದಿಲ್ಲವೆಂಬುದೂ ಸತ್ಯ. ಸಂಕೇತವೇ ಸಿಗದ ಹಳ್ಳಿಗೆ ಸಮಾನ ದರದಿಂದ ಏನು ಲಾಭ? ಅದಕ್ಕೆ ಬೇರೆಯೇ ದಾರಿ ಇದೆ. ಕಂಪೆನಿಗಳ ಹೊಂದಾಣಿಕೆ ಮಾಡಿದ ಆದಾಯದ ಶೇ. 5ರಷ್ಟು ಗ್ರಾಮೀಣ ಸಂಪರ್ಕದ ನಿಧಿಗೆ ಸೇರುತ್ತದೆ. 2023ರ ದೂರಸಂಪರ್ಕ ಕಾಯಿದೆಯಲ್ಲಿ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಾಯಿತು. ಕೇರಳದಲ್ಲಿ 2023ರ ಜೂನ್‌ನಲ್ಲಿ ಉದ್ಘಾಟನೆಗೊಂಡ ಕೆ-ಫೋನ್ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಹೊಂದಿದೆ. ಗ್ರಾಮಸಭೆಯಲ್ಲಿ ಮನವಿ ಕೊಡುವಾಗ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆಯದೆ ಈ ಯೋಜನೆಗಳನ್ನು ಹೆಸರಿಸಿ ಕೇಳುವುದು ಲೇಸು.

ಪೋಷಕರು ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರಬೇಕು. ರೀಚಾರ್ಜಿನೊಂದಿಗೆ ಸಿನಿಮಾ ತಾಣದ ಚಂದಾ ಉಚಿತವಾಗಿ ಬಂದರೆ ಅದು ನಿಷಿದ್ಧವಲ್ಲ. ಆದರೆ ಒಂದು ತಾಣಕ್ಕೆ ಬಳಸಿದ ಡೇಟಾವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೊಂದಕ್ಕೆ ಹಿಡಿದರೆ ಅದು 2016ರ ನಿಯಮದ ಉಲ್ಲಂಘನೆ. ಅಂತಹುದು ಕಂಡಲ್ಲಿ ಮೊದಲು ಕಂಪೆನಿಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರವಿದೆ, ಅಲ್ಲಿಗೆ ಆ ಸಂಖ್ಯೆಯೊಂದಿಗೆ ಬರೆಯಬಹುದು.