ದಾರುಖಾನಾ: ಮನೆಗೆ ಮುನ್ನ ಮಣ್ಣಿನ ಪರೀಕ್ಷೆ

ಮುಂಬಯಿ: ಮಹಾನಗರದ ಪೂರ್ವ ಕರಾವಳಿಯ ಬಂದರು ಭೂಮಿಯನ್ನು ಅಭಿವೃದ್ಧಿಪಡಿಸುವ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಆದರೆ ಆ ಭೂಮಿಯ ಒಡಲಲ್ಲಿ ಏನಿದೆ ಎಂಬುದು ಮೊದಲು ತಿಳಿಯಬೇಕಾದ ವಿಷಯ.

ರೇ ರೋಡ್ ಸಮೀಪದ ದಾರುಖಾನಾದಲ್ಲಿ ದಶಕಗಳ ಕಾಲ ಹಳೆಯ ಹಡಗುಗಳನ್ನು ಒಡೆಯಲಾಗಿದೆ. ಈ ಕೆಲಸದಲ್ಲಿ ಎಣ್ಣೆ, ಬಣ್ಣದಲ್ಲಿನ ಸೀಸ, ಆಸ್ಬೆಸ್ಟಾಸ್ ಮಣ್ಣಿಗೆ ಸೇರುವ ಅಪಾಯವಿದೆ. ಇಂಥಲ್ಲಿ ಮೇಲಿನ ಒಂದು ಹಿಡಿ ಮಣ್ಣು ಪರೀಕ್ಷಿಸಿದರೆ ಸಾಲದು. ಅಲ್ಲಲ್ಲಿ ಕೊರೆದು ಬೇರೆ ಬೇರೆ ಆಳದ ಮಾದರಿ ತೆಗೆಯಬೇಕು. ಅಂತರ್ಜಲಕ್ಕೆ ಪ್ರತ್ಯೇಕ ವೀಕ್ಷಣಾ ಬಾವಿ ಬೇಕು. ಡೀಸೆಲ್ ನೀರಿನ ಮೇಲೆ ತೇಲುತ್ತದೆ, ಕರಗಿದ ಸೀಸ ಕಣ್ಣಿಗೆ ಕಾಣದು. ಕಡಲಂಚಿನ ಅಂತರ್ಜಲ ಉಬ್ಬರ-ಇಳಿತಕ್ಕೆ ತಕ್ಕಂತೆ ಏರಿಳಿಯುವುದರಿಂದ ಒಂದೇ ಬಾರಿಯ ಪರೀಕ್ಷೆಯನ್ನು ನಂಬುವಂತಿಲ್ಲ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

2025ರ ಜುಲೈಯಲ್ಲಿ ಕೇಂದ್ರ ಸರಕಾರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಅದರಂತೆ ಶಂಕಿತ ಸ್ಥಳ ಗುರುತಿಸುವುದು ಸ್ಥಳೀಯ ಸಂಸ್ಥೆ ಹಾಗೂ ಜಿಲ್ಲಾಡಳಿತದ ಹೊಣೆ. ಶುದ್ಧೀಕರಣದ ವೆಚ್ಚ ಮಾಲಿನ್ಯ ಮಾಡಿದವರದ್ದು.

ಮನೆ ಕೊಳ್ಳುವಾಗ ನಮ್ಮವರು ಹಕ್ಕುಪತ್ರ, ಸಾಲದ ಬಾಕಿ ನೋಡುತ್ತಾರೆ. ಹಳೆಯ ಕೈಗಾರಿಕಾ ಭೂಮಿಯಾದರೆ ಮಣ್ಣು-ನೀರಿನ ವರದಿಯನ್ನೂ ಕೇಳುವುದು ಹಿತ. ಈ ತಿಳಿವಳಿಕೆ ಸಂಘ-ಸಂಸ್ಥೆಗಳ ಸಭೆಗಳಲ್ಲೂ ಹರಡಲಿ.